ಹಳೇ ಲ್ಯಾಪ್‌ಟಾಪ್, ಲಿನಕ್ಸ್, ಗೇಮ್

ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಸಪೋರ್ಟ್ ನಿಂತಿತು, ಟಿಪಿಎಂ 2.0 (ಭದ್ರತೆಯ ಚಿಪ್) ಇಲ್ಲದ್ದಕ್ಕೆ ವಿಂಡೋಸ್ 11 ಕೂರುತ್ತಿಲ್ಲ, ಅದರ ಬದಲು ಲಿನಕ್ಸ್ (ಉಚಿತ ಆಪರೇಟಿಂಗ್ ಸಿಸ್ಟಂ) ಹಾಕಿದರೆ ಗೇಮ್ ಆಡಬಹುದಾ ಅಂತ ಕೇಳಿದ್ದೀರಿ. ಆಡಬಹುದು. ಆದರೆ ಯಾವ ಗೇಮ್ ಅನ್ನೋದು ಮುಖ್ಯ.

ಒಬ್ಬರೇ ಆಡುವ ಗೇಮ್‌ಗಳಿಗೆ ತೊಂದರೆ ಕಡಿಮೆ. ವಾಲ್ವ್ ಕಂಪನಿ 2018ರಲ್ಲಿ ತನ್ನ ಗೇಮ್ ಅಂಗಡಿ ಸ್ಟೀಮ್‌ಗೆ ಪ್ರೋಟಾನ್ ಸೇರಿಸಿತು, ಅದು ವಿಂಡೋಸ್ ಗೇಮ್‌ಗಳನ್ನು ಲಿನಕ್ಸ್‌ನಲ್ಲಿ ಓಡಿಸುವ ಸಾಫ್ಟ್‌ವೇರ್. ಗೇಮ್ ಡೈರೆಕ್ಟ್‌ಎಕ್ಸ್‌ನಲ್ಲಿ (ವಿಂಡೋಸ್‌ನ ಗ್ರಾಫಿಕ್ಸ್ ವ್ಯವಸ್ಥೆ) ಕೇಳಿದ್ದನ್ನು ಅದು ವಲ್ಕನ್‌ಗೆ (ಲಿನಕ್ಸ್‌ನಲ್ಲೂ ನಡೆಯುವ ಗ್ರಾಫಿಕ್ಸ್ ವ್ಯವಸ್ಥೆ) ಬದಲಿಸಿ ಕೊಡುತ್ತದೆ. ಹಾಗಾಗಿ ನಿಮ್ಮ ಗ್ರಾಫಿಕ್ಸ್ ಚಿಪ್‌ಗೆ ವಲ್ಕನ್ ಬರುತ್ತಾ ಅಂತ ಮೊದಲು ನೋಡಿ. ತುಂಬಾ ಹಳೆಯದಾದರೆ ಅಲ್ಲೇ ಕೆಲಸ ಕೆಡುತ್ತದೆ. ಇನ್ನೊಂದು ಮಾತು, ಗೇಮ್ ಮೊದಲ ಸಲ ತೆರೆದಾಗ ವಲ್ಕನ್ ಶೇಡರ್ (ಚಿತ್ರ ಮೂಡಿಸುವ ಚಿಕ್ಕ ಪ್ರೋಗ್ರಾಂಗಳು) ಎಷ್ಟು ಸಿದ್ಧವಾಯ್ತು ಅಂತ ತೋರಿಸುವ ಪಟ್ಟಿ ನಿಧಾನಕ್ಕೆ ತುಂಬುತ್ತದೆ, ಫ್ಯಾನ್ ಜೋರಾಗಿ ಸದ್ದು ಮಾಡುತ್ತದೆ. ನಾನು ಹ್ಯಾಂಗ್ ಆಯ್ತು ಅಂತ ಎರಡು ಸಲ ಮುಚ್ಚಿಬಿಟ್ಟಿದ್ದೆ. ನೀವು ಸುಮ್ನೆ ಕಾಯಿರಿ.

ವ್ಯಾಲೊರಂಟ್, ಫೋರ್ಟ್‌ನೈಟ್ ಆಡುವವರಾದರೆ ಲಿನಕ್ಸ್ ಬೇಡ. ಅವುಗಳ ಆ್ಯಂಟಿ-ಚೀಟ್ (ಆಟದಲ್ಲಿ ಮೋಸ ತಡೆಯುವ ಸಾಫ್ಟ್‌ವೇರ್) ಅಲ್ಲಿ ಆಡಲು ಬಿಡುವುದಿಲ್ಲ. ವ್ಯಾಲೊರಂಟ್‌ನದಂತೂ ವಿಂಡೋಸ್ ಕರ್ನಲ್ (ಸಿಸ್ಟಂನ ತಿರುಳು) ಒಳಗೇ ಕೂರುತ್ತದೆ. ಒಂದು ಗೇಮ್‌ಗೋಸ್ಕರ ಅಷ್ಟು ಒಳಗೆ ಬಿಟ್ಟುಕೊಳ್ಳುವುದು ನನಗೆ ಇಷ್ಟವಿಲ್ಲ, ಆದರೆ ಗೆಳೆಯರೆಲ್ಲ ಅದನ್ನೇ ಆಡುತ್ತಿದ್ದರೆ ಬಿಡೋದು ಕಷ್ಟ ಅಲ್ವಾ?

ಈಗಲೇ ಡಿಸ್ಕ್ ಅಳಿಸಬೇಡಿ. ಲಿನಕ್ಸ್‌ನ ಒಂದು ಬಗೆಯಾದ ಲಿನಕ್ಸ್ ಮಿಂಟ್ ಅನ್ನು ಪೆನ್‌ಡ್ರೈವ್‌ಗೆ ಹಾಕಿ, ಅದರಿಂದಲೇ ಬೂಟ್ ಮಾಡಿ ವೈಫೈ, ಸೌಂಡ್, ಟಚ್‌ಪ್ಯಾಡ್ ನೋಡಿ. ಗ್ರಾಫಿಕ್ಸ್ ಚಿಪ್ ಯಾವುದು ಅಂತ ಬರೆಯಿರಿ, ವಲ್ಕನ್ ವಿಷಯ ನೋಡಿ ಹೇಳುತ್ತೇನೆ.