ಒಂದೇ ವಿಳಾಸಕ್ಕೆ ಎರಡು ಸರ್ವ್‌ಲೆಟ್: ಟಾಮ್‌ಕ್ಯಾಟ್ ಯಾಕೆ ಮುನಿಯುತ್ತದೆ?

ಪ್ರಶ್ನೆ: ಸರ್, ನಾನು ಎಂಸಿಎ ವಿದ್ಯಾರ್ಥಿನಿ. ಕೋಡ್ ಬರೆಯುವ ತಂತ್ರಾಂಶ ಎಕ್ಲಿಪ್ಸ್‌ನಲ್ಲಿ ಗ್ರಂಥಾಲಯದ ಜಾವಾ ಪ್ರಾಜೆಕ್ಟ್ ಮಾಡುತ್ತಿದ್ದೇನೆ. ಹಳೆಯ ನೋಟ್ಸ್ ನೋಡಿ ವೆಬ್.ಎಕ್ಸ್‌ಎಂಎಲ್ ಎಂಬ ಸೆಟ್ಟಿಂಗ್ ಫೈಲ್‌ನಲ್ಲಿ ಲಾಗಿನ್ ಸರ್ವ್‌ಲೆಟ್‌ನ (ವೆಬ್ ಕೋರಿಕೆಗೆ ಉತ್ತರಿಸುವ ಜಾವಾ ಕ್ಲಾಸ್) ಮ್ಯಾಪಿಂಗ್, ಅಂದರೆ ಅದು ಯಾವ ವಿಳಾಸಕ್ಕೆ ಎಂಬುದನ್ನು ಬರೆದೆ. ಅಲ್ಲಿಂದ ಸರ್ವ್‌ಲೆಟ್‌ಗಳನ್ನು ನಡೆಸುವ ಸರ್ವರ್ ಟಾಮ್‌ಕ್ಯಾಟ್ 9 ಸ್ಟಾರ್ಟೇ ಆಗುತ್ತಿಲ್ಲ. 'ಲಾಗಿನ್‌ಸರ್ವ್‌ಲೆಟ್' ಮತ್ತು 'ಕಾಮ್.ಲೈಬ್ರರಿ.ಲಾಗಿನ್‌ಸರ್ವ್‌ಲೆಟ್' ಎರಡೂ '/ಲಾಗಿನ್'ಗೆ ಮ್ಯಾಪ್ ಆಗಿವೆ, ಇದಕ್ಕೆ ಅನುಮತಿಯಿಲ್ಲ ಎಂದು ಬರುತ್ತಿದೆ. ಪೋರ್ಟ್ (ಸರ್ವರ್ ಸಂಪರ್ಕಕ್ಕೆ ಬಳಸುವ ಸಂಖ್ಯೆ) ಬದಲಿಸು ಎಂದು ಗೆಳತಿ ಹೇಳಿದಳು. ನನ್ನ ಹತ್ತಿರ ಇರುವುದು ಒಂದೇ ಲಾಗಿನ್ ಕ್ಲಾಸ್. ಎರಡನೆಯದು ಎಲ್ಲಿಂದ ಬಂತು?

ಉತ್ತರ: ಪೋರ್ಟ್ ಮುಟ್ಟಬೇಡಿ. ಪೋರ್ಟ್ ತಕರಾರಾಗಿದ್ದರೆ ಅದು ಆಗಲೇ ಬಳಕೆಯಲ್ಲಿದೆ ಎಂದು ಟಾಮ್‌ಕ್ಯಾಟ್ ನೇರವಾಗಿ ಹೇಳುತ್ತಿತ್ತು. ನಿಮಗೆ ಬೇಕಾದ ಸುಳಿವು ನೀವೇ ಬರೆದಿರುವ ಆ ಎರಡು ಹೆಸರುಗಳಲ್ಲಿದೆ. ಒಂದು ಚಿಕ್ಕದು, ಇನ್ನೊಂದು ಪ್ಯಾಕೇಜ್ ಸಮೇತ ಪೂರ್ತಿ ಹೆಸರು.

ಚಿಕ್ಕ ಹೆಸರು ನೀವು ವೆಬ್.ಎಕ್ಸ್‌ಎಂಎಲ್‌ನಲ್ಲಿ ಕೊಟ್ಟದ್ದು. ಪೂರ್ತಿ ಹೆಸರು ಬಂದದ್ದು ಕ್ಲಾಸ್‌ನ ತಲೆಯ ಮೇಲಿರುವ ವೆಬ್‌ಸರ್ವ್‌ಲೆಟ್ ಆನೋಟೇಶನ್‌ನಿಂದ (ವಿಳಾಸವನ್ನು ಕೋಡ್‌ನಲ್ಲೇ ಹೇಳುವ ಗುರುತು). 2009ರಲ್ಲಿ ಬಂದ ಸರ್ವ್‌ಲೆಟ್ 3.0 ಈ ಸೌಲಭ್ಯ ಕೊಟ್ಟಿತು. ಪ್ರಾಜೆಕ್ಟ್ ಆ ಆವೃತ್ತಿಯದೋ ಮುಂದಿನದೋ ಆಗಿದ್ದರೆ, ಹೊಸ ಸರ್ವ್‌ಲೆಟ್ ಮಾಡುವಾಗ ಎಕ್ಲಿಪ್ಸ್ ತಾನೇ ಆನೋಟೇಶನ್ ಬರೆದುಬಿಡುತ್ತದೆ. ನೋಟ್ಸ್ ಮಾತ್ರ ಅದಕ್ಕೂ ಹಿಂದಿನ ಕಾಲದ್ದು! ಆನೋಟೇಶನ್‌ನಲ್ಲಿ ಹೆಸರು ಕೊಡದಿದ್ದರೆ ಕ್ಲಾಸ್‌ನ ಪೂರ್ತಿ ಹೆಸರೇ ಸರ್ವ್‌ಲೆಟ್‌ನ ಹೆಸರಾಗುತ್ತದೆ. ಹೀಗೆ ಒಂದೇ ಕ್ಲಾಸ್ ಎರಡು ಹೆಸರಲ್ಲಿ ನೋಂದಣಿಯಾಗಿ, ಎರಡೂ '/ಲಾಗಿನ್' ತನ್ನದೆನ್ನುತ್ತವೆ. ಯಾರಿಗೆ ಕೊಡಬೇಕೆಂದು ಟಾಮ್‌ಕ್ಯಾಟ್ ಊಹಿಸಲು ಹೋಗುವುದಿಲ್ಲ, ಅಪ್ಲಿಕೇಶನ್ನನ್ನೇ ನಿಲ್ಲಿಸುತ್ತದೆ. ಊಹಿಸಿ ತಪ್ಪು ಪುಟ ತೋರಿಸುವುದಕ್ಕಿಂತ ಇದೇ ಮೇಲು ಎನ್ನುವವನು ನಾನು.

ಪರಿಹಾರ ಸುಲಭ: ಎರಡರಲ್ಲಿ ಒಂದನ್ನು ಅಳಿಸಿ. ಹೊಸ ಪ್ರಾಜೆಕ್ಟ್‌ನಲ್ಲಿ ನಾನಾದರೆ ಆನೋಟೇಶನ್ ಉಳಿಸಿಕೊಂಡು ವೆಬ್.ಎಕ್ಸ್‌ಎಂಎಲ್‌ನ ಸರ್ವ್‌ಲೆಟ್ ಮತ್ತು ಸರ್ವ್‌ಲೆಟ್-ಮ್ಯಾಪಿಂಗ್ ಎರಡೂ ಭಾಗ ತೆಗೆಯುತ್ತೇನೆ. ಕೋಡ್ ಮುಟ್ಟದೆ ವಿಳಾಸ ಬದಲಿಸುವ ಅಗತ್ಯವಿದ್ದರೆ ಎರಡನ್ನೂ ಇಟ್ಟುಕೊಳ್ಳಬಹುದು, ಆದರೆ ಎರಡೂ ಕಡೆ ಸರ್ವ್‌ಲೆಟ್ ಹೆಸರು ಒಂದೇ ಇರಬೇಕು. ಆಗ ಅವು ಒಂದೇ ಸರ್ವ್‌ಲೆಟ್ ಎಂದು ಗೊತ್ತಾಗಿ ವೆಬ್.ಎಕ್ಸ್‌ಎಂಎಲ್‌ನ ಮಾತೇ ನಡೆಯುತ್ತದೆ.

ವೆಬ್.ಎಕ್ಸ್‌ಎಂಎಲ್‌ನ ಮೊದಲ ಟ್ಯಾಗ್‌ನಲ್ಲಿ ಮೆಟಾಡೇಟಾ-ಕಂಪ್ಲೀಟ್ ಅನ್ನು 'ಟ್ರೂ' ಮಾಡಿ ಎಂಬ ಸಲಹೆಯೂ ನಿಮಗೆ ಸಿಗಬಹುದು. ಎರರ್ ಹೋಗುವುದು ನಿಜ. ಜೊತೆಗೆ ಆನೋಟೇಶನ್ ನಂಬಿಕೊಂಡಿರುವ ಉಳಿದ ಸರ್ವ್‌ಲೆಟ್, ಫಿಲ್ಟರ್, ಲಿಸನರ್‌ಗಳೂ ಸದ್ದಿಲ್ಲದೆ ಮಲಗುತ್ತವೆ. ಆಮೇಲೆ 404 (ಪುಟ ಸಿಗಲಿಲ್ಲ) ಏಕೆ ಬರುತ್ತಿದೆ ಎಂದು ತಲೆ ಕೆಡಿಸಿಕೊಳ್ಳಬೇಕಾಗುತ್ತದೆ.

ಮುಂದೊಂದು ದಿನ ಎರಡೂ ಪೂರ್ತಿ ಹೆಸರುಗಳೇ ಕಂಡರೆ ಕಥೆ ಬೇರೆ. ಒಂದು ಸರ್ವ್‌ಲೆಟ್ ಕಾಪಿ ಮಾಡಿ ಇನ್ನೊಂದನ್ನು ಮಾಡುವಾಗ ಆನೋಟೇಶನ್‌ನ ವಿಳಾಸ ಬದಲಿಸಲು ಮರೆತಿರುತ್ತೀರಿ. ನಾನು ಹೆಚ್ಚಾಗಿ ನೋಡುವುದು ಇದನ್ನೇ. ಇಲ್ಲವೇ ಕ್ಲಾಸ್‌ನ ಹೆಸರು ಬದಲಿಸಿದ್ದೀರಿ, ಹಳೆಯ ಡಾಟ್ ಕ್ಲಾಸ್ ಫೈಲ್ (ಕಂಪೈಲ್ ಆದ ಕೋಡ್) ಮಾತ್ರ ವೆಬ್-ಇನ್ಫ್ ಒಳಗಿನ ಕ್ಲಾಸಸ್ ಫೋಲ್ಡರ್‌ನಲ್ಲಿ ಕೂತಿದೆ. ಸೋರ್ಸ್ ಕೋಡ್‌ನಲ್ಲಿ ಎಷ್ಟು ಹುಡುಕಿದರೂ ಇದು ಸಿಗದು. ಸರ್ವರ್ ನಿಲ್ಲಿಸಿ, ಪ್ರಾಜೆಕ್ಟ್ ಮೆನುವಿನ ಕ್ಲೀನ್ ಒತ್ತಿ, ಸರ್ವರ್‌ನ ಮೇಲೆ ರೈಟ್ ಕ್ಲಿಕ್ ಮಾಡಿ ಅಲ್ಲಿಯ ಕ್ಲೀನ್ ಕೂಡ ಒತ್ತಿ. ವಾರ್ ಫೈಲನ್ನು (ಇಡೀ ಅಪ್ಲಿಕೇಶನ್‌ನ ಪೊಟ್ಟಣ) ಕೈಯಾರೆ ಹಾಕುವವರು ಟಾಮ್‌ಕ್ಯಾಟ್‌ನ ವೆಬ್‌ಆ್ಯಪ್ಸ್‌ನಲ್ಲಿ ಬಿಚ್ಚಿಕೊಂಡಿರುವ ಹಳೆಯ ಫೋಲ್ಡರನ್ನೂ ಅಳಿಸಿ ಹೊಸದನ್ನು ಹಾಕಬೇಕು.

ಅಂದಹಾಗೆ, ಒಂದು ಸರ್ವ್‌ಲೆಟ್‌ಗೆ '/ಲಾಗಿನ್', ಇನ್ನೊಂದಕ್ಕೆ '/*' (ಎಲ್ಲ ವಿಳಾಸಗಳೂ) ಕೊಟ್ಟರೆ ಜಗಳವಿಲ್ಲ. ತದ್ವತ್ ಹೊಂದುವ ವಿಳಾಸಕ್ಕೇ ಮೊದಲ ಮಣೆ. ಆದರೂ '/*' ಬಳಸುವ ಮುನ್ನ ಯೋಚಿಸಿ. ಆ ಸರ್ವ್‌ಲೆಟ್‌ನಿಂದ ಜೆಎಸ್‌ಪಿಗೆ (ಪುಟ ತೋರಿಸುವ ಫೈಲ್) ಫಾರ್ವರ್ಡ್ ಮಾಡಿದ್ದೂ ತಿರುಗಿ ಅದರ ಕೈಗೇ ಬರುತ್ತದೆ. ಹೆಚ್ಚಿನ ಕಡೆ ಬರೀ '/' (ಬೇರೆ ಯಾವುದಕ್ಕೂ ಹೊಂದದ ವಿಳಾಸಗಳು) ಸಾಕು.