ಜ್ವರ ಬರಲಿ ಎಂದು ಪ್ರಾರ್ಥಿಸಿದವರು

ನನ್ನ ಹತ್ತಿರ ಸಲಹೆ ಕೇಳಲು ಬಂದವರೊಬ್ಬರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿದ್ದೇನೆ. ಇವರು ಒಂದು ದಿನ ಆಡಿದ ಮಾತನ್ನು ನಾನು ಬೇರೆಯವರ ಬಾಯಲ್ಲೂ ಕೇಳಿದ್ದೇನೆ. ಪಾಸ್ಟರ್ ಒಬ್ಬರ ಹೆಂಡತಿ ಹೇಳಿದ್ದರು, ಯುವಕರ ಕೂಟ ನಡೆಸುವ ಹುಡುಗನೊಬ್ಬ ಹೇಳಿದ್ದ. ಅದಕ್ಕೇ ಬರೆಯಬೇಕು ಅನ್ನಿಸಿತು.

ಮೂವತ್ತೈದು ದಾಟಿದ ಹೆಣ್ಣುಮಗಳು, ಇಬ್ಬರು ಮಕ್ಕಳ ತಾಯಿ. ಹೊರಗೆ ದುಡಿಯುತ್ತಾರೆ. ಸಭೆಯಲ್ಲಿ, ಅಂದರೆ ಚರ್ಚಿನಲ್ಲಿ, ಮಕ್ಕಳ ಸಂಡೇ ಸ್ಕೂಲ್, ಹಾಡುವ ಕ್ವಾಯರ್, ವಾರದ ಮಧ್ಯೆ ಪ್ರಾರ್ಥನಾ ಕೂಟ, ಕಾಯಿಲೆಯವರ ಭೇಟಿ, ಎಲ್ಲದರಲ್ಲೂ ಇದ್ದರು. ಸುಸ್ತು, ಮಕ್ಕಳ ಮೇಲೆ ರೇಗಾಟ, ಪ್ರಾರ್ಥನೆಗೆ ಕೂತರೆ ತೂಕಡಿಕೆ, ಇದು ಅವರು ಹೇಳಿಕೊಂಡ ತೊಂದರೆ. ಮೊದಲು ಡಾಕ್ಟರ್ ಹತ್ತಿರ ಕಳಿಸಿದೆ. ರಕ್ತ ಕಡಿಮೆಯಾದರೂ, ಥೈರಾಯ್ಡ್ ಏರುಪೇರಾದರೂ ಹೀಗೇ ಆಗುತ್ತದೆ. ಅದನ್ನು ನೋಡಿಸದೆ ಬುದ್ಧಿ ಹೇಳಲು ಹೊರಡುವುದು ತಪ್ಪು. ರಿಪೋರ್ಟ್ ಎಲ್ಲ ಸರಿಯಾಗಿಯೇ ಬಂತು.

ಶುರುವಿನಲ್ಲಿ ನಾನೊಂದು ತಪ್ಪು ಮಾಡಿದೆ. ದಿನಕ್ಕೆ ಅರ್ಧ ಗಂಟೆ ವಿಶ್ರಾಂತಿಗೆ ಎತ್ತಿಡಿ ಅಂದೆ. ಮುಂದಿನ ಸಲ ಅವರು ಒಂದು ನೋಟ್‌ಬುಕ್ ತಂದರು. ಗೆರೆ ಎಳೆದು ಮನೆ ಮಾಡಿ, ವಿಶ್ರಾಂತಿ ಆದ ದಿನ ಟಿಕ್, ತಪ್ಪಿದ ದಿನ ಕೆಂಪು ಶಾಯಿಯಲ್ಲಿ ಇಂಟು ಹಾಕಿದ್ದರು. ಕೆಂಪೇ ಜಾಸ್ತಿ ಇತ್ತು. "ಇದರಲ್ಲೂ ಸೋತೆ ಮೇಡಂ" ಅಂದರು. ದಣಿದವರ ತಲೆ ಮೇಲೆ ನಾನು ಇನ್ನೊಂದು ಕೆಲಸ ಹೊರಿಸಿದ್ದೆ.

ಮೂರನೇ ಭೇಟಿಯಲ್ಲಿ ಅವರ ಫೋನ್ ಮಡಿಲಲ್ಲಿ ಬೋರಲು ಬಿದ್ದಿತ್ತು. ಅದು ನಡುಗಿದಾಗಲೆಲ್ಲ ಅವರ ಹೆಬ್ಬೆರಳು ಅಂಚಿನವರೆಗೆ ಹೋಗಿ ವಾಪಸ್ ಬರುತ್ತಿತ್ತು. ನಾನು ಸುಮ್ನೆ ಕೇಳಿದೆ, "ಕಡೇ ಸಲ ನೀವು ನೆಮ್ಮದಿಯಾಗಿ ಮಲಗಿದ್ದು ಯಾವಾಗ?"

ತುಂಬಾ ಹೊತ್ತು ಯೋಚಿಸಿದರು. "ಜ್ವರ ಬಂದಾಗ" ಅಂದರು. ಆಮೇಲೆ ತಲೆ ತಗ್ಗಿಸಿ, "ಒಂದು ಮಾತು ಹೇಳ್ತೀನಿ, ತಪ್ಪು ತಿಳ್ಕೋಬೇಡಿ. ಹೋದ ಶನಿವಾರ ರಾತ್ರಿ ಮಂಡಿಯೂರಿ ಕೇಳಿಕೊಂಡೆ. ಕರ್ತನೇ, ನನಗೆ ಜ್ವರ ಬರಲಿ ಅಂತ."

ಭಾನುವಾರ ಬೆಳಿಗ್ಗೆ ಜ್ವರ ಬರಲಿಲ್ಲ. ಎದ್ದು ಹೋದರು. ಮಕ್ಕಳಿಗೆ ಪಾಠ ಮಾಡಿದರು, ಕ್ವಾಯರ್‌ನಲ್ಲಿ ಹಾಡಿದರು.

ಇಂಥ ಮಾತು ಕೇಳಿದಾಗ ಇನ್ನೊಂದು ಪ್ರಶ್ನೆಯನ್ನು ನೇರವಾಗಿಯೇ ಕೇಳಬೇಕು. "ಸತ್ತೇ ಹೋದರೆ ಸಾಕು ಅನ್ನಿಸುತ್ತಾ?" ಎಂದು ಕೇಳಿದೆ. "ಇಲ್ಲ ಮೇಡಂ. ಮಲಗಬೇಕು ಅಷ್ಟೇ. ಯಾರೂ ಏನೂ ಅನ್ನಬಾರದು." ಆ ಕೊನೆಯ ಮಾತಿನಲ್ಲೇ ಎಲ್ಲ ಇತ್ತು. ಆರೋಗ್ಯವಾಗಿರುವವರು ಮಲಗಿದರೆ ಸೋಮಾರಿ, ಜ್ವರ ಬಂದವರು ಮಲಗಿದರೆ ಎಲ್ಲರೂ ಪ್ರಾರ್ಥನೆ ಮಾಡುತ್ತಾರೆ. ಬಾಯಿ ಹೇಳಲಾಗದ 'ಆಗಲ್ಲ' ಎಂಬ ಮಾತನ್ನು ಅವರು ಮೈಯಿಂದ ಹೇಳಿಸಲು ಹೊರಟಿದ್ದರು.

ಅವತ್ತು ಅವರದೇ ಬೈಬಲ್ ತೆಗೆಸಿದೆ. ಅರಸುಗಳು ಮೊದಲನೇ ಭಾಗ, 19ನೇ ಅಧ್ಯಾಯ. ಹಿಂದಿನ ಅಧ್ಯಾಯದಲ್ಲಿ ಕರ್ಮೆಲ್ ಬೆಟ್ಟದ ಮೇಲೆ ಅಷ್ಟು ದೊಡ್ಡ ಗೆಲುವು ಕಂಡ ಪ್ರವಾದಿ ಎಲೀಯ, ಇಲ್ಲಿ ಅರಣ್ಯದಲ್ಲಿ ಒಂದು ಗಿಡದ ಕೆಳಗೆ ಕೂತು 'ಸಾಕು, ನನ್ನ ಪ್ರಾಣ ತೆಗೆದುಬಿಡು' ಅನ್ನುತ್ತಾನೆ. ದೇವದೂತ ಬಂದು ಮೊದಲು ಹೇಳಿದ್ದೇನು? ಎದ್ದು ಊಟ ಮಾಡು. ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು. ಎಲೀಯ ತಿಂದು, ಕುಡಿದು, ಮತ್ತೆ ಮಲಗಿದ. ದೂತ ಬೈಯಲಿಲ್ಲ. ಎರಡನೇ ಸಲ ಎಬ್ಬಿಸಿದಾಗಲೂ ಊಟವನ್ನೇ ಕೊಟ್ಟ. 'ಇಲ್ಲೇನು ಮಾಡುತ್ತಿದ್ದೀ' ಎಂಬ ಪ್ರಶ್ನೆ ಬಂದದ್ದು ನಲವತ್ತು ದಿನ ನಡೆದು ಹೋರೇಬ್ ಬೆಟ್ಟ ಸೇರಿದ ಮೇಲೆ.

ಆ ಅಧ್ಯಾಯವನ್ನು ಅವರು ಮಕ್ಕಳಿಗೆ ಎಷ್ಟೋ ಸಲ ಕಲಿಸಿದ್ದರಂತೆ. "ಅವನು ಎರಡು ಸಲ ಮಲಗಿದ್ದನ್ನು ನಾನು ಯಾವತ್ತೂ ಗಮನಿಸಿರಲಿಲ್ಲ" ಅಂದರು. ಫೋನನ್ನು ಬ್ಯಾಗಿಗೆ ಹಾಕಿದರು.

ನಾನು ಕೊಟ್ಟ ಸಲಹೆ ಇದು. ಒಂದು ಸೇವೆ ಬಿಡಿ. ಅತಿ ಭಾರದ್ದೇ ಆಗಬೇಕಿಲ್ಲ, ಜನ ಏನಂದುಕೊಂಡಾರು ಎಂಬ ಭಯಕ್ಕೇ ಮಾಡುತ್ತಿರುವುದನ್ನು ಬಿಡಿ. ಪಾಸ್ಟರ್ ಎದುರಿಗೇ ಹೋಗಿ ಹೇಳಿ, ಮೆಸೇಜ್ ಬೇಡ. 'ನನಗೆ ಸಾಕಾಗಿದೆ, ಆರು ತಿಂಗಳು ಬಿಡುವು ಬೇಕು' ಅಂದರೆ ಸಾಕು. ಕಾಯಿಲೆಯ ನೆಪ ಹೇಳಬೇಡಿ. ನೆಪ ಹೇಳಿದರೆ ಮತ್ತೆ ಜ್ವರದ ಹತ್ತಿರವೇ ಹೋದ ಹಾಗಾಯಿತು. ಇನ್ನು ಭಾನುವಾರ. ಸೇವೆ ಮಾಡುವವರಿಗೆ ಅದು ದುಡಿಮೆಯ ದಿನವೇ, ಇದನ್ನು ಒಪ್ಪಿಕೊಳ್ಳಬೇಕು. ಅವರ ವಿಶ್ರಾಂತಿಗೆ ಶುಕ್ರವಾರ ಸಂಜೆಯಿಂದ ಶನಿವಾರ ಸಂಜೆವರೆಗೆ ಆಗಬಹುದು ಅನ್ನಿಸಿತು. ಆ ಹೊತ್ತಿನಲ್ಲಿ ಪಾಠ ತಯಾರಿ ಇಲ್ಲ, ಸಭೆಯ ಗ್ರೂಪ್ ನೋಡುವ ಹಾಗಿಲ್ಲ, ನೋಟ್‌ಬುಕ್ಕೂ ಬೇಡ. ಅಡುಗೆ, ಮಕ್ಕಳು ಇದ್ದೇ ಇರುತ್ತಾರಲ್ಲ ಅಂದರು. ಅದಕ್ಕೇ ಮುಂದಿನ ಭೇಟಿಗೆ ಗಂಡನನ್ನೂ ಕರೆಸಿದೆ. ಹೆಂಡತಿಯ ಬಿಡುವಿಗೆ ಮನೆಯವರು ಕೈ ಹಚ್ಚದಿದ್ದರೆ ಅದು ಮಾತಿನಲ್ಲೇ ಉಳಿಯುತ್ತದೆ.

ಸ್ವಲ್ಪ ದಿನಕ್ಕೆ ಅವರ ಸಭೆಯ ಹಿರಿಯರೊಬ್ಬರು ನನ್ನನ್ನು ಹುಡುಕಿಕೊಂಡು ಬಂದರು. ಅವರಿಗೆ ವಿಷಯ ಆಕೆಯೇ ಹೇಳಿದ್ದರು. "ನೀವು ಜನರನ್ನು ದೇವರ ಕೆಲಸದಿಂದ ಬಿಡಿಸ್ತಾ ಇದ್ದೀರಿ" ಅಂತ ಬೇಸರಪಟ್ಟರು. ಮಾರ್ಕನ ಸುವಾರ್ತೆಯ 6ನೇ ಅಧ್ಯಾಯ ಎತ್ತಿದರು. ಶಿಷ್ಯರನ್ನು ವಿಶ್ರಾಂತಿಗೆ ಕರೆದುಕೊಂಡು ಹೋದಾಗಲೂ ಜನ ಬಂದರು, ಯೇಸು ಇಲ್ಲ ಅನ್ನಲಿಲ್ಲ ಅಲ್ವಾ ಎಂದು ಕೇಳಿದರು. ನಿಜ. ಆದರೆ ಅಧ್ಯಾಯ ಅಲ್ಲಿಗೆ ಮುಗಿಯುವುದಿಲ್ಲ. ಐದು ಸಾವಿರ ಜನ ಉಂಡ ಮೇಲೆ ಆತನು ಶಿಷ್ಯರನ್ನು ದೋಣಿ ಹತ್ತಿಸಿ, ಗುಂಪನ್ನು ತಾನೇ ಕಳಿಸಿ, ಒಬ್ಬನೇ ಬೆಟ್ಟಕ್ಕೆ ಹೋದನು. ಗುಂಪನ್ನು ಕಳಿಸುವುದೂ ಆತನು ಮಾಡಿದ ಕೆಲಸವೇ.

ಅವರಿಗೆ ಇನ್ನೊಂದು ಮಾತೂ ಹೇಳಿದೆ. ದಶಾಜ್ಞೆಗಳು ಬೈಬಲಿನಲ್ಲಿ ಎರಡು ಕಡೆ ಬರುತ್ತವೆ, ಎರಡರಲ್ಲೂ ಸಬ್ಬತ್ ಆಜ್ಞೆ, ಅಂದರೆ ವಾರಕ್ಕೊಂದು ದಿನ ವಿಶ್ರಮಿಸಿ ಎಂಬ ಆಜ್ಞೆ ಇದೆ. ವಿಮೋಚನಕಾಂಡ 20ರಲ್ಲಿ ಕೊಟ್ಟ ಕಾರಣ, ದೇವರು ಏಳನೇ ದಿನ ವಿಶ್ರಮಿಸಿದನು ಎಂಬುದು. ಧರ್ಮೋಪದೇಶಕಾಂಡ 5ರಲ್ಲಿ ಕಾರಣ ಬೇರೆ. ನೀವು ಐಗುಪ್ತದಲ್ಲಿ (ಈಜಿಪ್ಟಿನಲ್ಲಿ) ದಾಸರಾಗಿದ್ದಿರಿ, ಅದನ್ನು ನೆನಪಿಡಿ ಅನ್ನುತ್ತದೆ. ದಾಸನಿಗೆ ರಜೆ ಇರಲಿಲ್ಲ. ಬಿಡುಗಡೆಯಾದವರಿಗೆ ಇದೆ, ಅವರ ಆಳಿಗೂ ಇದೆ, ಎತ್ತು ಕತ್ತೆಗೂ ಇದೆ. ಸಂಡೇ ಸ್ಕೂಲ್ ಟೀಚರ್‌ಗೆ ಮಾತ್ರ ಇಲ್ಲ ಅನ್ನುವುದನ್ನು ನಾನು ಒಪ್ಪಲಾರೆ. ಹಿರಿಯರು ಒಪ್ಪಿದರು ಅಂತ ಹೇಳಲಾರೆ. ಜಗಳವಿಲ್ಲದೆ ಎದ್ದು ಹೋದರು.

ಆಕೆ ಕ್ವಾಯರ್ ಬಿಟ್ಟರು. ಎರಡು ತಿಂಗಳ ಮೇಲೆ ಬಂದಾಗ ಕಣ್ಣಿನ ಕೆಳಗಿನ ಕಪ್ಪು ಸ್ವಲ್ಪ ಇಳಿದಿತ್ತು. ಶನಿವಾರ ಮಧ್ಯಾಹ್ನ ಮಗಳ ಪಕ್ಕ ಮಲಗಿ ನಿದ್ದೆ ಹೋಗಿದ್ದನ್ನು ಹೇಳಿದರು. ಆಮೇಲೆ ಸುಮ್ಮನಾದರು.

"ನಾನಿಲ್ಲದೆಯೂ ಹಾಡು ಚೆನ್ನಾಗೇ ಬಂತು ಮೇಡಂ. ಹಿಂದಿನ ಬೆಂಚಲ್ಲಿ ಕೂತು ಕೇಳ್ತಾ ಇದ್ದೆ. ಅಳು ಬಂತು."

ಈಗ ನಮ್ಮ ಮಾತು ಆ ಅಳುವಿನ ಬಗ್ಗೆ ನಡೆದಿದೆ.