ಮನೆ ಹಿಂದಿನ ಲೇಕಲ್ಲಿ ದೊಡ್ಡ ಬ್ಲೂಗಿಲ್ ಬೇಕು ಅಂದರೆ

ಅಮೆರಿಕದಲ್ಲಿ, ಮಿಸ್ಸೌರಿಯ ಸೇಂಟ್ ಲೂಯಿಸ್ ಹತ್ತಿರ ಮನೆ ತಗೊಂಡಿರಿ ಅಂತ ಓದಿ ಖುಷಿಯಾಯಿತು. ಸ್ಕೂಲು, ಇನ್ಶೂರೆನ್ಸು, ಚಳಿಗಾಲದ ಡ್ರೈವಿಂಗು ಎಲ್ಲ ಕೇಳಿದ್ದೀರಿ. ಅವನ್ನು ಫೋನಲ್ಲಿ ಮಾತಾಡೋಣ. ನನಗೆ ಇಷ್ಟವಾಗಿದ್ದು ನಿಮ್ಮ ಕೊನೆಯ ಪ್ರಶ್ನೆ. ಮನೆ ಹಿಂದೆ ಬಡಾವಣೆಯವರದೇ ಒಂದು ಲೇಕ್ ಇದೆ, ಮಕ್ಕಳ ಗಾಳಕ್ಕೆ ಬರೀ ಪುಟಾಣಿ ಮೀನು ಬೀಳುತ್ತವೆ, ಮೊದಲೆಲ್ಲ ಇಲ್ಲಿ ದೊಡ್ಡ ದೊಡ್ಡ ಬ್ಲೂಗಿಲ್ (ಒಂದು ಜಾತಿಯ ಸಿಹಿನೀರಿನ ಮೀನು) ಇದ್ದವು ಅಂತ ಪಕ್ಕದ ಮನೆ ಅಜ್ಜ ಹೇಳುತ್ತಾರೆ, ಊರಿನ ಥರ ಮರಿ ತಂದು ಬಿಡಬೇಕಾ ಅಂತ ಕೇಳಿದ್ದೀರಿ.

ಬೇಡ. ನಮ್ಮ ಕಡೆ ಕಾಟ್ಲಾ, ರೋಹು ನಿಂತ ನೀರಲ್ಲಿ ಮರಿ ಮಾಡಲ್ಲ. ಅದಕ್ಕೇ ಕೆರೆಗೆ ಮತ್ತೆ ಮತ್ತೆ ಮರಿ ಬಿಡೋದು. ಬ್ಲೂಗಿಲ್ ಮಾತ್ರ ನಮ್ಮ ಜಿಲೇಬಿ ಮೀನಿನ ಹಾಗೆ, ಬಿಟ್ಟರೆ ಸಾಕು, ಕೆರೆ ತುಂಬಾ ಅದೇ. ಒಂದೊಂದು ಹೆಣ್ಣು ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ. ತಿನ್ನೋ ಬಾಯಿ ಜಾಸ್ತಿ, ಊಟ ಅಷ್ಟೇ. ಹಾಗಾಗಿ ಎಲ್ಲವೂ ನಾಲ್ಕೈದು ಇಂಚಿಗೇ ನಿಂತುಬಿಡುತ್ತವೆ. ನಿಮ್ಮ ಮಕ್ಕಳು ಹಿಡಿಯುತ್ತಿರೋದು ಬರೀ ಮರಿಗಳಲ್ಲ, ಬೆಳೆಯದೆ ಉಳಿದ ವಯಸ್ಸಾದ ಮೀನುಗಳೂ ಇರಬಹುದು.

ಅದಕ್ಕೂ ಮೊದಲು ಅವು ಬ್ಲೂಗಿಲ್ಲೇ ಹೌದಾ ನೋಡಿ. ಕೈ ಒದ್ದೆ ಮಾಡಿಕೊಳ್ಳಿ. ತಲೆ ಕಡೆಯಿಂದ ಬಾಲದ ಕಡೆಗೆ ಸವರಿ ಹಿಡಿಯಿರಿ, ಇಲ್ಲದಿದ್ದರೆ ಬೆನ್ನಿನ ಮುಳ್ಳು ಚುಚ್ಚುತ್ತದೆ. ಕಿವಿರಿನ ಮುಚ್ಚಳದ ತುದಿಯಲ್ಲಿ ಕಿವಿ ಥರ ಒಂದು ಚೂರು ಇರುತ್ತದೆ. ಬ್ಲೂಗಿಲ್‌ಗೆ ಅದು ಅಂಚಿನವರೆಗೂ ಕಪ್ಪು. ಅಂಚು ಕೆಂಪೋ ಕಿತ್ತಳೆಯೋ ಇದ್ದರೆ ಅದು ರೆಡ್‌ಇಯರ್ ಅನ್ನೋ ಬೇರೆ ಮೀನು. ಆಮೇಲೆ ಬೆನ್ನಿನ ರೆಕ್ಕೆಯ ಹಿಂಭಾಗ, ಬುಡದಲ್ಲಿ ಒಂದು ಕಪ್ಪು ಮಚ್ಚೆ. ಬಾಯಿ ಚಿಕ್ಕದು, ಪಕ್ಕದ ರೆಕ್ಕೆ ಉದ್ದ, ತುದಿ ಚೂಪು. ಬಾಯಿ ದೊಡ್ಡದಾಗಿ, ಪಕ್ಕದ ರೆಕ್ಕೆ ಗಿಡ್ಡವಾಗಿ ದುಂಡಗಿದ್ದರೆ ಗ್ರೀನ್ ಸನ್‌ಫಿಶ್ ಅನ್ನೋ ಇನ್ನೊಂದು ಜಾತಿ. ಬ್ಲೂಗಿಲ್ ಮತ್ತು ಗ್ರೀನ್ ಸನ್‌ಫಿಶ್‌ನ ಮಿಶ್ರತಳಿಯನ್ನೂ ಅಂಗಡಿಯವರು ಮಾರುತ್ತಾರೆ. ಬೇಗ ಬೆಳೆಯುತ್ತದೆ ನಿಜ, ಆದರೆ ಅದರ ಮುಂದಿನ ಪೀಳಿಗೆ ಹಾಗೇ ಬರಲ್ಲ. ನಾನಂತೂ ಅದಕ್ಕೆ ದುಡ್ಡು ಹಾಕಲ್ಲ.

ಮೇ ಕೊನೆಗೆ ನೀರು ಬೆಚ್ಚಗಾದಾಗ ದಡದ ಹತ್ತಿರ ನೋಡಿ. ತಳದಲ್ಲಿ ತಟ್ಟೆಯಗಲದ ಗುಂಡಿಗಳು ಒಂದರ ಪಕ್ಕ ಒಂದು ಕಾಣುತ್ತವೆ. ಗಂಡುಮೀನು ಬಾಲದಿಂದ ಮಣ್ಣು ಗುಡಿಸಿ ಮಾಡಿದ ಗೂಡು ಅದು. ಮೊಟ್ಟೆಗೆ ಗಾಳಿ ಬೀಸಿ ಕಾಯೋದೂ ಅಪ್ಪನೇ. ಎದೆ ತಾಮ್ರದ ಬಣ್ಣ, ಹಣೆ ಉಬ್ಬು, ಕಪ್ಪು ಕಿವಿ ದೊಡ್ಡದು. ಗೂಡಿನ ಹತ್ತಿರ ಏನೇ ಬಿದ್ದರೂ ಕಚ್ಚುತ್ತಾನೆ, ಅದಕ್ಕೇ ಆ ದಿನಗಳಲ್ಲಿ ಸುಲಭವಾಗಿ ಸಿಗುತ್ತಾನೆ. ಜನ ಬಕೆಟ್ ತುಂಬಿಕೊಂಡು ಹೋಗೋದೂ ಆಗಲೇ.

ಲೇಕ್ ಹಾಳಾಗೋದು ಇಲ್ಲೇ. ದೊಡ್ಡ ಗಂಡುಗಳು ಇದ್ದರೆ ಚಿಕ್ಕ ಗಂಡುಗಳಿಗೆ ಗೂಡು ಕಟ್ಟೋಕೆ ಜಾಗ ಸಿಗಲ್ಲ. ಸುಮ್ನೆ ತಿಂದು ಬೆಳೆಯುತ್ತವೆ. ದೊಡ್ಡವನ್ನು ತೆಗೆದರೆ ಚಿಕ್ಕವೇ ಅವಸರದಲ್ಲಿ ಸಂಸಾರಕ್ಕೆ ಇಳಿಯುತ್ತವೆ, ಮೈ ಬೆಳೆಯೋದು ನಿಧಾನವಾಗುತ್ತದೆ. ಆದ್ದರಿಂದ 8 ಇಂಚು ದಾಟಿದ ಗಂಡನ್ನು ಫೋಟೋ ತೆಗೆದು ವಾಪಸ್ ಬಿಡಿ. ಫ್ರೈಗೆ ಆರೇಳು ಇಂಚಿನದೇ ಸಾಕು, ಮಸಾಲೆಯೂ ಚೆನ್ನಾಗಿ ಹಿಡಿಯುತ್ತದೆ. 10 ಇಂಚಿನದು ಸಿಕ್ಕರೆ ಇಡೀ ಬೀದಿಗೆ ಸುದ್ದಿ. 1950ರಲ್ಲಿ ಅಲಬಾಮಾದ ಕೆಟೋನಾ ಲೇಕಲ್ಲಿ ಸಿಕ್ಕ ದಾಖಲೆ ಮೀನು 4 ಪೌಂಡ್ 12 ಔನ್ಸ್ ಇತ್ತು. ನಾವು ಅಷ್ಟೆಲ್ಲ ಆಸೆ ಪಡೋದು ಬೇಡ.

ಮರಿಗಳನ್ನು ಕಡಿಮೆ ಮಾಡೋ ಕೆಲಸ ಅವನ್ನು ತಿನ್ನೋ ಲಾರ್ಜ್‌ಮೌತ್ ಬಾಸ್ ಅನ್ನೋ ಮೀನಿನದು. ದೊಡ್ಡ ಬ್ಲೂಗಿಲ್ ಬೇಕಿದ್ದರೆ ಬಾಸ್ ತುಂಬಾ ಇರಬೇಕು, ಅವು ಮಧ್ಯಮ ಗಾತ್ರದಲ್ಲೇ ಇದ್ದರೂ ಪರವಾಗಿಲ್ಲ. 15 ಇಂಚಿನೊಳಗಿನ ಬಾಸ್ ಯಾರೂ ಮನೆಗೆ ಒಯ್ಯಬಾರದು ಅಂತ ಎಚ್‌ಒಎ (ಬಡಾವಣೆಯ ಮನೆ ಮಾಲೀಕರ ಸಂಘ) ಮೀಟಿಂಗಲ್ಲಿ ಹೇಳಿ. ಹೊಸಬರು ಮೊದಲ ಮೀಟಿಂಗಲ್ಲೇ ಬಾಯಿ ಬಿಟ್ಟರೆ ಮುಖ ಸಿಂಡರಿಸುವವರು ಇರುತ್ತಾರೆ. ಪಕ್ಕದ ಮನೆ ಅಜ್ಜನ್ನ ಜೊತೆಗೆ ಕರಕೊಂಡು ಹೋಗಿ, ಅವರ ಮಾತಿಗೆ ತೂಕ ಜಾಸ್ತಿ. ಈ ದೇಶದಲ್ಲಿ ಅಕ್ಕಪಕ್ಕದವರ ಪರಿಚಯ ಹೇಗೆ ಮಾಡಿಕೊಳ್ಳೋದು ಅಂತಲೂ ಕೇಳಿದ್ದಿರಲ್ವಾ?

ಮಕ್ಕಳು ಬ್ರೆಡ್ ಎಸೆಯೋದು ಬಿಡಿಸಿ. ಮೀನಿಗೆ ಅಂತಲೇ ನೀರಲ್ಲಿ ತೇಲುವ ಪೆಲೆಟ್ (ಆಹಾರದ ಸಣ್ಣ ಉಂಡೆ) ಸಿಗುತ್ತದೆ. ನೀರು ಬೆಚ್ಚಗಿರೋ ತಿಂಗಳುಗಳಲ್ಲಿ ದಿನಾ ಒಂದೇ ಹೊತ್ತಿಗೆ, ಹತ್ತು ನಿಮಿಷದಲ್ಲಿ ಖಾಲಿಯಾಗುವಷ್ಟೇ ಹಾಕಿ. ಜೊಂಡು ಸ್ವಲ್ಪ ಇರಲಿ. ಪೂರ್ತಿ ಹಬ್ಬಿದರೆ ಮರಿಗಳು ಅದರೊಳಗೆ ಅಡಗುತ್ತವೆ, ಬಾಸ್‌ಗೆ ಸಿಗಲ್ಲ. ಹಾಗಂತ ಇಡೀ ಲೇಕಿಗೆ ಒಂದೇ ದಿನ ಔಷಧಿ ಹೊಡೆಸಬೇಡಿ. ಸತ್ತ ಜೊಂಡು ಕೊಳೆಯುವಾಗ ನೀರಿನ ಆಮ್ಲಜನಕ ಎಳೆದುಕೊಳ್ಳುತ್ತದೆ, ಬೆಳಗಾಗುವಷ್ಟರಲ್ಲಿ ಮೀನು ತೇಲುತ್ತಿರುತ್ತವೆ.

ಇನ್ನೊಂದು ಮಾತು. ಹಿಡಿದ ಮೀನನ್ನು ಬೇರೆ ಲೇಕಿಗೋ ಹೊಳೆಗೋ ಒಯ್ದು ಬಿಡಬೇಡಿ. 1960ರಲ್ಲಿ ಶಿಕಾಗೋ ಮೇಯರ್ ಜಪಾನಿನ ಯುವರಾಜ ಅಕಿಹಿಟೋಗೆ ಬ್ಲೂಗಿಲ್ ಉಡುಗೊರೆ ಕೊಟ್ಟರು. ಅದು ಅಲ್ಲಿನ ಕೆರೆಗಳಿಗೆಲ್ಲ ಹಬ್ಬಿ ಸ್ಥಳೀಯ ಮೀನಿಗೆ ಕುತ್ತು ತಂದಿತು. 2007ರಲ್ಲಿ, ಆಗ ಚಕ್ರವರ್ತಿಯಾಗಿದ್ದ ಅಕಿಹಿಟೋ ಅವರೇ ಬೇಸರ ಹೇಳಿಕೊಂಡರು.

ಖಾಸಗಿ ಲೇಕ್ ಆದರೂ ಪರ್ಮಿಟ್ ಬೇಕಾ ಅಂತ ಮಿಸ್ಸೌರಿ ಕನ್ಸರ್ವೇಶನ್ ಇಲಾಖೆಗೆ ಫೋನ್ ಮಾಡಿ ಕೇಳಿಕೊಳ್ಳಿ. ಮಕ್ಕಳಿಗೆ 8 ಅಥವಾ 10ನೇ ನಂಬರ್ ಹುಕ್ ಸಾಕು. ಅದರ ಹಿಮ್ಮುಳ್ಳನ್ನು ಇಕ್ಕಳದಲ್ಲಿ ಒತ್ತಿಬಿಡಿ, ಮೀನಿಗೂ ಬೆರಳಿಗೂ ಬಿಡಿಸೋದು ಸುಲಭ. ಎರೆಹುಳ ದುಡ್ಡು ಕೊಟ್ಟು ತರಬೇಡಿ, ಮಳೆ ಬಂದ ಮಾರನೇ ದಿನ ನಿಮ್ಮ ಹಿತ್ತಲಲ್ಲೇ ಸಿಗುತ್ತವೆ.